ಪುರುಡು ಕಳೆಯದ ಟೆಂಪೋ

ಮನೆಗೆ ಪುರುಡು ಬರುವುದು ಲೋಕಾರೂಢಿ. ಮಗು ಹುಟ್ಟಿದ ಮನೆಯವರು ಹನ್ನೊಂದು ದಿನ ದೇವರನ್ನು ಮುಟ್ಟುವ ಹಾಗಿಲ್ಲ, ಶುಭಕಾರ್ಯಕ್ಕೆ ಹೋಗುವ ಹಾಗಿಲ್ಲ. ಆಮೇಲೆ ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು ಪುರುಡು ಕಳೆದುಕೊಳ್ಳುತ್ತಾರೆ. ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ಒಂದು ಟೆಂಪೋಗೆ ಪುರುಡು ಬಂದಿತ್ತು ಅಂದರೆ ಯಾರಾದರೂ ನಂಬುತ್ತಾರೆಯೇ? ಬಂದಿತ್ತು ಸ್ವಾಮಿ. ಬಿಳೇಕಹಳ್ಳಿಯ ಪಿಳ್ಳಣ್ಣನ ಮೂರುಗಾಲಿನ ಟೆಂಪೋಗೆ ಬಂದಿತ್ತು. ಬಂದದ್ದು ಹನ್ನೊಂದು ದಿನಕ್ಕೆ ಹೋಗಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

ಪಿಳ್ಳಣ್ಣ ರಾಗಿ ಬೆಳೆಯುತ್ತಿದ್ದವನು. ಅಲ್ಲಿ ದೊಡ್ಡ ಕಾಲೇಜು ಬರುತ್ತದೆ ಎಂದು ಹೊಲಕ್ಕೆ ಬೇಲಿ ಬಿದ್ದಾಗ, ಪರಿಹಾರದ ದುಡ್ಡಿನಲ್ಲಿ ಊರವರೆಲ್ಲ ಹೆಂಚು ತೆಗೆಸಿ ಮನೆಗೆ ತಾರಸಿ ಹಾಕಿಸಿದರೆ, ಇವನು ಟೆಂಪೋ ತಂದ. "ಊರಿಗೇ ಒಂದು ದಾರಿ, ಈ ಎಡವಟ್ಟಂಗೇ ಒಂದು ದಾರಿ," ಎಂದು ಹೆಂಡತಿ ಅಕ್ಕಯಮ್ಮ ಬೀದಿಗೆ ಕೇಳಿಸುವಂತೆ ಬೈದಳು. ಪಿಳ್ಳಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಎತ್ತು ತೊಳೆಯುವ ಹಾಗೆ ದಿನಾ ಟೆಂಪೋ ತೊಳೆದ. ಶುಕ್ರವಾರ ನಿಂಬೆಹಣ್ಣು ಕಟ್ಟಿದ. ಅದರೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹತ್ತುವಂತಿಲ್ಲ, ಬೀಡಿ ಸೇದುವಂತಿಲ್ಲ, ಕೋಳಿ ಸಾಗಿಸುವಂತಿಲ್ಲ. ಸ್ವಂತ ಮಾವನನ್ನೇ ಕೋಳಿ ಹಿಡಿದು ಬಂದನೆಂದು ಅರ್ಧ ದಾರಿಯಲ್ಲಿ ಇಳಿಸಿದ ಪುಣ್ಯಾತ್ಮ ಅವನು.

ಇಷ್ಟೆಲ್ಲ ಮಡಿ ಯಾಕೆಂದರೆ ಗಣಪತಿಗೋಸ್ಕರ. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಉಗ್ರಪ್ಪ ಎಂಬ ಸಾಮಿಲ್ ಯಜಮಾನ ಪ್ರತಿವರ್ಷ ಆಳೆತ್ತರದ ಗಣಪತಿ ಕೂರಿಸುತ್ತಿದ್ದ. ಅದನ್ನು ಯಡಿಯೂರು ಕೆರೆಗೆ ಬಿಡುವ ದಿನ ಹೊತ್ತೊಯ್ಯುವುದು ಪಿಳ್ಳಣ್ಣನ ಟೆಂಪೋ. ಬಾಡಿಗೆ ಕೊಡಲು ಬಂದರೆ ಕೈಮುಗಿಯುತ್ತಿದ್ದ. ಆ ದಿನ ಹೊಸ ಪಂಚೆ, ಹಣೆ ತುಂಬ ಕುಂಕುಮ, ಹಿಂದೆ ತಮಟೆ, ಮುಂದೆ ಕುಣಿತ, ರಸ್ತೆಯ ಎರಡೂ ಕಡೆಯಿಂದ ಜನ ಕೈಮುಗಿಯುತ್ತಿದ್ದರೆ ಅರ್ಧ ನಮಸ್ಕಾರ ತನಗೇ ಬಂತೆಂದು ಅವನಿಗೆ ಅನಿಸುತ್ತಿತ್ತು. ವರ್ಷದ ಉಳಿದ ದಿನಗಳು ಆ ಒಂದು ದಿನಕ್ಕಾಗಿ ಬದುಕುವ ದಿನಗಳು.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಗಾರೆ ಕೆಲಸದವನ ಹೆಂಡತಿ ಮುನಿಯಕ್ಕನಿಗೆ ನೋವು ಬಂತು. ಕಾಲೇಜು ಕಟ್ಟುವ ಜಾಗದಲ್ಲಿ ಕಲ್ಲು ಹೊರುತ್ತಿದ್ದವಳು ಅಲ್ಲೇ ಕುಸಿದಳು. ಪಕ್ಕದಲ್ಲಿ ಇಟ್ಟಿಗೆ ಇಳಿಸುತ್ತಿದ್ದ ಪಿಳ್ಳಣ್ಣ ಹಿಂದೆ ಮುಂದೆ ನೋಡದೆ ಅವಳನ್ನು ಹತ್ತಿಸಿಕೊಂಡು ಜಯನಗರದ ಹೆರಿಗೆ ಆಸ್ಪತ್ರೆಗೆ ಹೊರಟ. ಒಂಬತ್ತನೇ ಬ್ಲಾಕಿನ ತಿರುವಿನಲ್ಲಿ ಟೆಂಪೋದ ಒಳಗಿಂದ ಮಗು ಅತ್ತಿತು. ಆಸ್ಪತ್ರೆಯ ಸಿಸ್ಟರ್ ಸರಸ್ವತಿ ಓಡಿ ಬಂದು, "ಸರಿಯಾದ ಹೊತ್ತಿಗೆ ಕರ್ಕೊಂಡ್ ಬಂದ್ರಿ, ರಕ್ತ ಹೋಗ್ತಾ ಇದೆ, ಇನ್ನು ಸ್ವಲ್ಪ ಹೊತ್ತಾಗಿದ್ರೆ ತಾಯಿ ಉಳೀತಿರ್ಲಿಲ್ಲ," ಎಂದಳು. ಪಿಳ್ಳಣ್ಣ ಎದೆಯುಬ್ಬಿಸಿಕೊಂಡೇ ಊರಿಗೆ ಬಂದ.

ಊರಿನಲ್ಲಿ ಗಂಗಾಧರಯ್ಯ ಮೇಷ್ಟ್ರು ಕಾದಿದ್ದರು. ಪ್ರೈಮರಿ ಸ್ಕೂಲಿನಿಂದ ರಿಟೈರಾದ ಮೇಲೆ ಅವರಿಗೆ ಪಂಚಾಂಗವೊಂದೇ ಕೆಲಸ. ಬೆಕ್ಕು ಅಡ್ಡ ಬಂದರೂ ಜನ ಅವರನ್ನೇ ಕೇಳಬೇಕು, ಕೇಳದಿದ್ದರೆ ಅವರೇ ಬಂದು ಹೇಳುತ್ತಿದ್ದರು.

"ಪುರುಡು ಬಂತಲ್ಲಪ್ಪಾ ನಿನ್ನ ಗಾಡಿಗೆ," ಎಂದರು, ಗಾಡಿಯಲ್ಲೇ ಹೆರಿಗೆಯಾದದ್ದನ್ನು ಕೇಳಿ.

"ಗಾಡಿಗೆ ಎಂಥ ಪುರುಡು ಮೇಷ್ಟ್ರೇ? ಮನೆಗಲ್ವಾ?"

"ಮನೆ ಅಂದ್ರೇನು? ಗೋಡೆ, ಸೂರು. ನಿನ್ನ ಗಾಡಿಗೆ ಸುತ್ತ ಹಲಗೆ ಐತೆ, ಮೇಲೆ ಟಾರ್ಪಾಲ್ ಐತೆ. ಮುಂದುಗಡೆ ನಂಬರೂ ಬರೆಸಿದೀಯ. ಇನ್ನೇನು ಬೇಕು ಮನೆ ಅನ್ನೋಕೆ? ಹನ್ನೊಂದು ದಿನ ದೇವರ ಕೆಲಸಕ್ಕೆ ಇಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ಅದು. ಒಬ್ಬರೂ ನಗಲಿಲ್ಲ. ನಕ್ಕವಳು ಅಕ್ಕಯಮ್ಮ ಒಬ್ಬಳೇ. "ಯೋವ್, ಪುರುಡು ಅಂದ್ಮೇಲೆ ಬಾಣಂತನ ಮಾಡ್ಬೇಡ್ವಾ? ಗಾಳಿಗೆ ಬಿಟ್ಟೀಯ, ಶೀತ ಆಗಿ ಸನ್ನಿ ಹಿಡಿದಾತು!" ಎಂದಳು. ಅವಳು ಅಂದದ್ದು ತಮಾಷೆಗೆ. ಆದರೆ ಪಿಳ್ಳಣ್ಣನ ಹೆದರಿಕೆಗೆ ತಮಾಷೆ ಎಲ್ಲಿ ತಿಳಿಯಬೇಕು? ಎಲ್ಲಾದರೂ ಒಂದು ಕಡೆ ಶಾಸ್ತ್ರ ತಪ್ಪಿ ಪುರುಡು ಉಳಿದುಕೊಂಡರೆ ಗಣಪತಿ ಕೈತಪ್ಪುತ್ತದೆ. ಟೆಂಪೋವನ್ನು ಕೊಟ್ಟಿಗೆಗೆ ನೂಕಿ ಕಂಬಳಿ ಹೊದಿಸಿದ. ಸೈಲೆನ್ಸರಿಗೆ ಹತ್ತಿ ತುರುಕಿದ. ಸಂಜೆ ಸಂಜೆ ಸಾಂಬ್ರಾಣಿ ಹೊಗೆ ಹಾಕಿದ. ಮೂರನೇ ದಿನ ಪಕ್ಕದ ಮನೆಯ ಮುದುಕಿಯರಿಬ್ಬರು ಕೊಬ್ಬರಿ ಬೆಲ್ಲ ಹಿಡಿದು ಬಾಣಂತಿಯನ್ನು ನೋಡಿಕೊಂಡು ಹೋಗಲು ಬಂದಾಗ ಅಕ್ಕಯಮ್ಮ ಹೊಟ್ಟೆ ಹಿಡಿದುಕೊಂಡು ಒಳಗೆ ಓಡಿದಳು.

ಒಂಬತ್ತನೇ ದಿನ ಕೋಡಿಚಿಕ್ಕನಹಳ್ಳಿಯಿಂದ ಒಬ್ಬ ಓಡಿ ಬಂದ. ಅವನ ತಂಗಿ ನೋವು ತಿನ್ನುತ್ತಿದ್ದಳು. ಊರಲ್ಲಿದ್ದ ಎರಡು ಆಟೋ, ಒಂದು ಲಾರಿ, ಮೂರೂ ಕೈಯೆತ್ತಿದ್ದವು. ಪಿಳ್ಳಣ್ಣನ ಗಾಡಿಗಾದ ಗತಿ ನಮ್ಮ ಗಾಡಿಗೂ ಆದರೆ ಏನು ಮಾಡೋಣ ಎಂಬ ಭಯ ಅವರಿಗೆ.

"ನಿನ್ನ ಗಾಡಿ ಹೆಂಗೂ ಪುರುಡಲ್ಲೇ ಐತಲ್ಲಣ್ಣ," ಎಂದ ಆತ. "ಹೊಸದಾಗಿ ಕೆಡೋದೇನೈತೆ?"

ಮಾತು ನ್ಯಾಯವಾಗಿಯೇ ಇತ್ತು. ಪಿಳ್ಳಣ್ಣ ಹೊರಟ. ಆಸ್ಪತ್ರೆ ತಲುಪುವ ಮುಂಚೆ ಟೆಂಪೋದಲ್ಲೇ ಅವಳಿಗೆ ನೀರೊಡೆಯಿತು. ಗಂಗಾಧರಯ್ಯನವರು ಲೆಕ್ಕವನ್ನು ಮತ್ತೆ ಒಂದರಿಂದ ಶುರು ಮಾಡಿದರು. ಹತ್ತನೇ ದಿನ ಇನ್ನೊಬ್ಬಳು ಬಂದಳು. ಅದಾದ ಏಳನೇ ದಿನ ಮತ್ತೊಬ್ಬಳು. ಅರೆಕೆರೆ, ಹುಳಿಮಾವು, ಎಲ್ಲೆಲ್ಲಿಂದಲೋ ಬರತೊಡಗಿದರು. ಬಸುರಿಯರಿಗೊಂದು ಗಾಡಿ ಇದೆ, ಅದು ಇಲ್ಲವೆನ್ನುವ ಹಾಗಿಲ್ಲ, ಯಾಕೆಂದರೆ ಅದು ಹೇಗೂ ಯಾವ ಶುಭಕಾರ್ಯಕ್ಕೂ ಬರುವುದಿಲ್ಲ ಎಂದು ಸುತ್ತಮುತ್ತ ಸುದ್ದಿಯಾಯಿತು. ಎರಡು ದಿನ ನೋವು ತಿಂದು ಎತ್ತಿನ ಗಾಡಿಗೆ ಕಾಯುತ್ತಿದ್ದ ಹೆಂಗಸರು ಈಗ ನೋವು ಬಂದ ಗಂಟೆಗೇ ಹೊರಟರು. "ನಿಮ್ಮ ಕಡೆಯೋರು ಮಾತ್ರ ಟೈಮಿಗೆ ಸರಿಯಾಗಿ ಬರ್ತಾರಪ್ಪ," ಎಂದು ಸಿಸ್ಟರ್ ಸರಸ್ವತಿ ಹೊಗಳಿದರೆ ಪಿಳ್ಳಣ್ಣನಿಗೆ ಅಳು ಬರುತ್ತಿತ್ತು.

ಗಂಗಾಧರಯ್ಯನವರಿಗೋ ಹಬ್ಬ. ಒಂದು ಪಟ್ಟಿಯನ್ನೇ ಬರೆದರು. ಮಗು ಗಾಡಿಯಲ್ಲಿ ಹುಟ್ಟಿದರೆ ಹನ್ನೊಂದು ದಿನ, ನೀರೊಡೆದರೂ ಹನ್ನೊಂದೇ. ಬರೀ ನೋವಾದರೆ ಐದು. ಸುಳ್ಳು ನೋವಿಗೆ ಮೂರು. ಹೊಟ್ಟೆ ತೋರಿಸಿಕೊಂಡು ಬರಲು ಹೋದರೆ ಪುರುಡಿಲ್ಲ, ದಾರಿಯಲ್ಲಿ ವಾಂತಿಯಾದರೆ ಮಾತ್ರ ಒಂದು ದಿನ. ಪಿಳ್ಳಣ್ಣ ಕೆಟ್ಟ ರಸ್ತೆಯಲ್ಲಿ ಬಸುರಿಯರನ್ನು ಮೆಲ್ಲಗೆ, ಗಾಜು ಸಾಗಿಸಿದ ಹಾಗೆ ಸಾಗಿಸುವುದನ್ನು ಕಲಿತದ್ದು ಈ ವಾಂತಿಯ ಭಯಕ್ಕೆ.

ಆ ವರ್ಷ ಗಣಪತಿ ಬೇರೆ ಯಾರದೋ ಲಾರಿಯಲ್ಲಿ ಹೋಯಿತು. ಪಿಳ್ಳಣ್ಣ ಗೋಡೆ ಕಡೆ ತಿರುಗಿಕೊಂಡು ಎರಡು ದಿನ ಮಲಗಿದ್ದ.

ಮಾರನೇ ವರ್ಷ ಹಬ್ಬ ಹತ್ತಿರ ಬರುವಾಗ ಅವನೊಂದು ಉಪಾಯ ಮಾಡಿದ. ನಾಚಿಕೆಗೇಡಿನ ಉಪಾಯ. ಟೆಂಪೋದ ಹಿಂದಿನ ಒಂದು ಗಾಲಿ ಬಿಚ್ಚಿ ಹುಲ್ಲಿನ ಮೆದೆಯೊಳಗೆ ಹೂತಿಟ್ಟ. ಕೇಳಿದವರಿಗೆಲ್ಲ, "ಗಾಲಿ ರಿಪೇರಿಗೆ ಹೋಗೈತೆ, ಇನ್ನೂ ಕೊಟ್ಟಿಲ್ಲ," ಎಂದ. ಹನ್ನೊಂದು ದಿನ ಯಾರೂ ಹತ್ತದಿದ್ದರೆ ಸಾಕು, ಗಣಪತಿಯ ದಿನಕ್ಕೆ ಗಾಡಿ ಶುದ್ಧ. ಅದೇನು ಪಾಪವೇ? ವರ್ಷಕ್ಕೆ ಹನ್ನೊಂದು ದಿನವಾದರೂ ತನಗೆ ಬೇಡವೇ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡ.

ಏಳು ದಿನ ಚೆನ್ನಾಗಿಯೇ ಕಳೆದವು. ಎಂಟನೇ ದಿನ ನಡುಮಧ್ಯಾಹ್ನ ಚಿನ್ನಪ್ಪ ಬಂದ. ಅದೇ ಊರಿನವನು, ಎರಡು ಬೀದಿ ಆಚೆ ಮನೆ, ಸೊಪ್ಪು ಬೆಳೆದು ಮಾರುವವನು. ಅವನ ಹೆಂಡತಿ ಕೆಂಪಕ್ಕನಿಗೆ ಚೊಚ್ಚಲು.

"ಅಣ್ಣ, ಬೆಳಿಗ್ಗೆಯಿಂದ ನೋವು. ಕೈ ಕಾಲು ಊದೈತೆ, ಕಣ್ಣು ಮಂಜಂತೆ. ಬಾ ಅಣ್ಣ."

"ಗಾಲಿ ಇಲ್ಲವಲ್ಲೋ ಚಿನ್ನಪ್ಪ."

"ಎಲ್ಲೈತೆ ಹೇಳು, ನಾನೇ ಹೊತ್ಕೊಂಡು ಬರ್ತೀನಿ."

ಹತ್ತು ಮಾರು ದೂರದಲ್ಲಿ ಮೆದೆ ಇತ್ತು. ಪಿಳ್ಳಣ್ಣ ಅದರ ಕಡೆ ನೋಡಲಿಲ್ಲ. "ಬೊಮ್ಮನಹಳ್ಳೀಲಿ," ಎಂದ.

ಚಿನ್ನಪ್ಪ ಅಲ್ಲಿಯವರೆಗೆ ಹೋಗುವುದು ಆಗದ ಮಾತೆಂದು ಎತ್ತಿನ ಗಾಡಿ ಕಟ್ಟಿದ. ದಾರಿಯಲ್ಲಿ ಕೆಂಪಕ್ಕನಿಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಅವಳನ್ನು ಉಳಿಸಿದರು. ಮಗು ಹೋಯಿತು. ಗಂಡುಮಗು. "ಒಂದು ಗಂಟೆ ಮುಂಚೆ ಬಂದಿದ್ರೆ," ಎಂದು ಸಿಸ್ಟರ್ ಸರಸ್ವತಿ ಅಂದಳಂತೆ.

ಹನ್ನೊಂದನೇ ದಿನ ಗಾಲಿ ಬಂತು. ಗಂಗಾಧರಯ್ಯನವರು ಮಾವಿನ ಸೊಪ್ಪಿನಲ್ಲಿ ನೀರು ಚಿಮುಕಿಸಿ ಗಾಡಿಯ ಪುರುಡು ಕಳೆದರು. ಪಿಳ್ಳಣ್ಣ ಹೊಸ ಪಂಚೆ ಉಟ್ಟು ಗಣಪತಿಯನ್ನು ಹೊತ್ತು ಹೊರಟ. ತಮಟೆ ಹೊಡೆದರು, ಕುಣಿದರು, ಜನ ಕೈಮುಗಿದರು. ಅವನಿಗೆ ಏನೂ ಕೇಳಿಸಲಿಲ್ಲ. ಒಬ್ಬೊಬ್ಬರು ಕೈಮುಗಿದಾಗಲೂ ಮುಖ ತಿರುಗಿಸಿಕೊಂಡ. ತಾನು ಮಗು ಕೊಂದವನು ಎಂದು ಅವನಿಗೆ ಗೊತ್ತಿತ್ತು.

ಮನೆಗೆ ಬಂದರೆ ಅಕ್ಕಯಮ್ಮ ಮುದ್ದೆ ಇಕ್ಕಿ ಎದುರಿಗೆ ಕುಳಿತಳು. "ನಾಳೆ ಹೋಗಿ ಕೆಂಪಕ್ಕಂಗೆ ಹೇಳ್ತೀನಿ. ಗಾಲಿ ಮೆದೇಲಿತ್ತು ಅಂತ."

"ಯಾಕೆ?" ಎಂದ ಪಿಳ್ಳಣ್ಣ.

"ಹಣೆಬರಹ ಅಂತ ಅಳ್ತಾ ಕೂತವಳೆ. ಹಣೆಬರಹ ಅಲ್ಲ, ನನ್ನ ಗಂಡ ಅಂತ ಗೊತ್ತಾಗ್ಲಿ."

ಹೇಳಿಯೂ ಬಂದಳು. ಅಂಥ ಹೆಂಗಸು ಅವಳು. ಚಿನ್ನಪ್ಪ ಮಚ್ಚು ಹಿಡಿದು ಬರುತ್ತಾನೆ ಎಂದು ಪಿಳ್ಳಣ್ಣ ಮೂರು ದಿನ ಬಾಗಿಲಲ್ಲೇ ಕೂತ. ಬಂದರೆ ಬರಲಿ, ಒಂದೇಟು ಬಿದ್ದರೆ ಹಗುರವಾಗುತ್ತೇನೆ ಎಂಬ ಆಸೆ. ಯಾರೂ ಬರಲಿಲ್ಲ. ಕೆಂಪಕ್ಕ ಎದುರಾದರೆ ಅವಳು ಬೈಯುವುದೂ ಇಲ್ಲ, ಮುಖ ತಿರುಗಿಸುವುದೂ ಇಲ್ಲ, ಸುಮ್ಮನೆ ನೋಡುತ್ತಾಳೆ. ಪಿಳ್ಳಣ್ಣ ಅವಳ ಬೀದಿ ತಪ್ಪಿಸಲು ಕೆರೆ ಏರಿ ಸುತ್ತಿಕೊಂಡು ಹೋಗತೊಡಗಿದ. ಅಂದಿನಿಂದ ಯಾರು ಕರೆದರೂ ಇಲ್ಲ ಎನ್ನಲಿಲ್ಲ. ಗಾಲಿ ಮೂರೂ ಇವೆಯೇ ಎಂದು ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡುತ್ತಿದ್ದ.

ಎಂಬತ್ತೊಂದರ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಟೆಂಪೋದೊಳಗೆ ಕೆಂಪಕ್ಕ ಕೂತಿದ್ದಾಳೆ! ಚಾಪೆ ಹಾಸಿದೆ, ದಿಂಬು ಇದೆ, ನೀರಿನ ಚೊಂಬು ಇದೆ, ಹಲಗೆಯ ಮೊಳೆಗೆ ಕನ್ನಡಿ ನೇತುಹಾಕಿದೆ. ಹೊಟ್ಟೆ ತುಂಬಿ ಬಂದಿದೆ.

"ಒಂಬತ್ತಕ್ಕೆ ಬಿತ್ತು," ಎಂದಳು. "ಹೆರಿಗೆ ಆಗೋವರ್ಗೂ ಇಲ್ಲೇ ಇರ್ತೀನಿ."

"ತಾಯೀ, ಕೂಗಿದ್ರೆ ಸಾಕು, ನಾನೇ ಬಾಗಿಲಿಗೆ ಬರ್ತೀನಿ. ಆಣೆ ಮಾಡ್ತೀನಿ ಬೇಕಾದ್ರೆ."

"ಹೋದ್ಸಲಾನೂ ಕೂಗಿದ್ವಿ."

ಚಿನ್ನಪ್ಪ ಬಂದು ಗೋಗರೆದ. ಅವಳ ಅತ್ತೆ ಬಂದು ಮಾನ ಹೋಯಿತೆಂದು ಬಾಯಿ ಬಡಿದುಕೊಂಡಳು. ಕೆಂಪಕ್ಕ ಅವರ ಮುಂದೆಯೇ ಅಲಸಂದೆ ಬಿಡಿಸುತ್ತ ಕೂತಳು. ರಾತ್ರಿ ಹೊತ್ತು ಅಕ್ಕಯಮ್ಮನೂ ದಿಂಬು ತಂದು ಪಕ್ಕದಲ್ಲಿ ಮಲಗುತ್ತಿದ್ದಳು. ಹಗಲು ಟೆಂಪೋ ಹೋದಲ್ಲೆಲ್ಲ ಕೆಂಪಕ್ಕನೂ ಹೋದಳು. ಪಿಳ್ಳಣ್ಣ ಜೆ.ಪಿ. ನಗರಕ್ಕೆ ಇಟ್ಟಿಗೆ ಒಯ್ದರೆ ಇಟ್ಟಿಗೆಯ ಪಕ್ಕದಲ್ಲಿ ಅವಳು. ಮರಳು ಒಯ್ದರೆ ಮರಳಿನ ಮೇಲೆ ಚಾಪೆ, ಚಾಪೆಯ ಮೇಲೆ ಅವಳು. ಬೇರೆ ಬಸುರಿಯರನ್ನು ಕರೆದೊಯ್ಯುವಾಗ ಅವರ ಕೈ ಹಿಡಿದು, "ಉಸಿರು ಬಿಡಕ್ಕಾ, ಇನ್ನೇನು ಬಂತು," ಎನ್ನುತ್ತಿದ್ದಳು. ಸಿಸ್ಟರ್ ಸರಸ್ವತಿ ಪ್ರತಿಸಲವೂ ಅವಳ ಊದಿದ ಕಾಲು ಒತ್ತಿ ನೋಡಿ, ರಕ್ತದೊತ್ತಡ ಅಳೆದು, ಮಾತ್ರೆ ಕೊಟ್ಟು ಕಳಿಸುತ್ತಿದ್ದಳು. ಅಷ್ಟು ಸಲ ಆಸ್ಪತ್ರೆಗೆ ಹೋಗಿಬಂದ ಬಸುರಿ ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬಳಿರಲಿಲ್ಲ. ಒಮ್ಮೆ ಪೊಲೀಸಿನವನೊಬ್ಬ ಅಡ್ಡಹಾಕಿ, "ಗೂಡ್ಸ್ ಗಾಡೀಲಿ ಹೆಂಗಸ್ರನ್ನ ಯಾಕಯ್ಯಾ ಕೂರ್ಸಿದೀಯ?" ಎಂದು ಕೇಳಿದ. "ನಾನು ಕೂರ್ಸಿಲ್ಲ ಸಾರ್, ಅವರೇ ಕೂತವ್ರೆ," ಎಂದ ಪಿಳ್ಳಣ್ಣ. ಕೆಂಪಕ್ಕನ ಮುಖ ನೋಡಿ ಪೊಲೀಸಿನವನು ಸುಮ್ಮನೆ ದಾರಿ ಬಿಟ್ಟ.

ಹಬ್ಬ ಬಂತು. ಆ ಸಲ ಗಣಪತಿಯ ಮಾತೇ ಪಿಳ್ಳಣ್ಣನ ಬಾಯಲ್ಲಿ ಬರಲಿಲ್ಲ. ಆದರೆ ದೇವರ ಆಟ ನೋಡಿ, ವಿಸರ್ಜನೆಯ ಭಾನುವಾರ ಮಧ್ಯಾಹ್ನ ಉಗ್ರಪ್ಪ ಸ್ಕೂಟರಿನಲ್ಲಿ ಬೆವರು ಸುರಿಸುತ್ತ ಬಂದ.

"ಪಿಳ್ಳಣ್ಣ, ಲಾರಿ ಆಕ್ಸಲ್ ಕಟ್ ಆಗೋಯ್ತು ಗುರು. ಗಣೇಶ ನಡುರೋಡಲ್ಲಿ ನಿಂತವ್ನೆ. ಎದ್ದು ಬಾ!"

ಗಂಗಾಧರಯ್ಯನವರು ಬೆರಳೆಣಿಸಿದರು. ಆಶ್ಚರ್ಯ! ಗಾಡಿಯಲ್ಲಿ ಕಡೆಯ ಹೆರಿಗೆಯಾಗಿ ಹನ್ನೆರಡು ದಿನವಾಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ, ಯಾರೂ ಏನೂ ಮಾಡದೆ, ಟೆಂಪೋ ತಾನಾಗಿಯೇ ಶುದ್ಧವಾಗಿ ನಿಂತಿತ್ತು. "ಬಸುರಿ ಕೂತವ್ಳಲ್ಲ?" ಎಂದ ಉಗ್ರಪ್ಪ. "ಬಸುರಿಗೆ ಪುರುಡಿಲ್ಲ, ಹೆತ್ತರೆ ಮಾತ್ರ," ಎಂದು ತೀರ್ಪು ಕೊಟ್ಟು, ಮಾವಿನ ಸೊಪ್ಪು ಹಿಡಿದು ತಾವೂ ಟೆಂಪೋ ಹತ್ತಿದರು ಮೇಷ್ಟ್ರು. ಉಗ್ರಪ್ಪ ಕೆಂಪಕ್ಕನನ್ನು ಒಂದು ಗಂಟೆ ಮಟ್ಟಿಗೆ ಇಳಿಯಲು ಕೇಳಿಕೊಂಡ.

"ಗಣಪ ಬೇಕಾದ್ರೆ ಬರ್ಲಿ," ಎಂದಳು ಕೆಂಪಕ್ಕ. "ಜಾಗ ಐತೆ."

ಹೀಗೆ ಹೊರಟಿತು ಮೆರವಣಿಗೆ. ಟೆಂಪೋದಲ್ಲಿ ನಡುವೆ ಆಳೆತ್ತರದ ಗಣಪತಿ, ಬಲಕ್ಕೆ ಗಂಗಾಧರಯ್ಯನವರು, ಎಡಕ್ಕೆ ಚಾಪೆಯ ಮೇಲೆ ಕೆಂಪಕ್ಕ. ಎರಡು ಹೊಟ್ಟೆಗಳಲ್ಲಿ ದೊಡ್ಡದು ಯಾವುದು ಎಂದು ತಮಟೆಯ ಹುಡುಗರು ಪಂಥ ಕಟ್ಟಿದರು. ರಸ್ತೆಯ ಜನ ಕೈಮುಗಿದರು. ಕೆಲವರು ಗೌರಮ್ಮನನ್ನೂ ಜೊತೆಗೇ ಕೂರಿಸಿದ್ದಾರೆ, ಎಂಥ ಭಕ್ತಿ ಎಂದು ಕೆಂಪಕ್ಕನಿಗೂ ಮುಗಿದರು.

ಸರ್ಕಲ್ಲಿಗೆ ಬರುವ ಹೊತ್ತಿಗೆ ಹಿಂದಿನಿಂದ ತಗಡಿನ ಮೇಲೆ ಬಡಿದ ಸದ್ದು. "ಅಣ್ಣ," ಎಂದಳು ಕೆಂಪಕ್ಕ. ಅಷ್ಟೇ. ಕೂಗಲಿಲ್ಲ. ಹಿಂದೆಯೇ ಗಂಗಾಧರಯ್ಯನವರು, "ಅಯ್ಯಯ್ಯೋ, ನೀರು!" ಎಂದು ಪಂಚೆ ಎತ್ತಿಕೊಂಡು ಗಣಪತಿಯ ಸೊಂಡಿಲು ಹಿಡಿದು ನಿಂತರು.

ಎಡಕ್ಕೆ ಕೆರೆ, ಬಲಕ್ಕೆ ಆಸ್ಪತ್ರೆ. ಪಿಳ್ಳಣ್ಣ ಬಲಕ್ಕೆ ತಿರುಗಿಸಿದ.

"ಏಯ್! ಕೆರೆ ಈ ಕಡೆ!" ಎಂದು ಉಗ್ರಪ್ಪ ಅರಚಿದ.

"ಗೊತ್ತು ಕಣಣ್ಣ!" ಎಂದು ಪಿಳ್ಳಣ್ಣ ಆಕ್ಸಿಲರೇಟರ್ ಒತ್ತಿದ.

ತಮಟೆಯವರಿಗೆ ಕೆರೆಯೇನು, ಆಸ್ಪತ್ರೆಯೇನು? ದೇವರು ಹೋದತ್ತ ಅವರು. ಮುನ್ನೂರು ಜನ ಹೋ ಎಂದು ಹಿಂದೆ ಓಡಿ ಬಂದರು. ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಇಟ್ಟ. "ಪೇಷಂಟ್ ಮಾತ್ರ ಒಳಗೆ. ಗಣೇಶ ನಾಲ್ಕು ಗಂಟೆ ಮೇಲೆ." ಪಿಳ್ಳಣ್ಣ ಅವನನ್ನು ಪಕ್ಕಕ್ಕೆ ತಳ್ಳಿ, ಕೆಂಪಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಓಡಿದ. "ಸಿಸ್ಟರಮ್ಮಾ, ಟೈಮಿಗೆ ಬಂದಿದೀನಿ! ಟೈಮಿಗೆ ಬಂದಿದೀನಿ ನೋಡಿ!" ಎಂದು ಕೂಗುತ್ತಿದ್ದ. ಕೂಗುತ್ತಲೇ ಅಳುತ್ತಿದ್ದ.

ಹೊರಗೆ ಹೊಸ ತಕರಾರು ಎದ್ದಿತ್ತು. ನೀರೊಡೆದದ್ದು ಗಾಡಿಯಲ್ಲಿ. ಪಟ್ಟಿಯ ಪ್ರಕಾರ ಒಳಗಿದ್ದವರಿಗೆಲ್ಲ ಹನ್ನೊಂದು ದಿನ. ಒಳಗಿದ್ದವರು ಗಣಪತಿ ಮತ್ತು ಗಂಗಾಧರಯ್ಯ.

"ಈಗ ಬಿಡೋ ಹಾಗಿಲ್ವಾ ಮೇಷ್ಟ್ರೇ?" ಎಂದು ಉಗ್ರಪ್ಪ ತಲೆ ಮೇಲೆ ಕೈಹೊತ್ತು ಕೇಳಿದ. "ಪುರುಡಲ್ಲಿರೋ ದೇವರನ್ನ ನೀರಿಗೆ ಬಿಡಬಹುದಾ?" ಗಂಗಾಧರಯ್ಯನವರು ಜೇಬಿನ ಪಂಚಾಂಗಕ್ಕೆ ಕೈ ಹಾಕಲು ಹೋಗಿ ಹಿಂತೆಗೆದರು. ತಾವೇ ಪುರುಡಲ್ಲಿರುವಾಗ ಪಂಚಾಂಗ ಮುಟ್ಟುವುದು ಹೇಗೆ? ಕಡೆಗೆ ಗಣಪತಿಯನ್ನು ಆಸ್ಪತ್ರೆಯ ಪಂಪು ಮನೆಯ ಪಕ್ಕದಲ್ಲಿ ಇಳಿಸಿ ಟಾರ್ಪಾಲ್ ಹೊದಿಸಿದರು. ಹನ್ನೊಂದು ದಿನ ಅವನು ಅಲ್ಲೇ ಇದ್ದ. ಹೆರಿಗೆಗೆ ಬಂದವರು ಕೈಮುಗಿದು ಒಳಗೆ ಹೋಗುತ್ತಿದ್ದರು. ಗಾಳಿಗೆ ಬಿಡಬಾರದು ಎಂದು ಯಾರೋ ಪುಣ್ಯಾತ್ಮರು ಅವನ ಕಿವಿಗೂ ಹತ್ತಿ ಇಟ್ಟಿದ್ದರು.

ಆವತ್ತು ಐದು ಗಂಟೆಗೆ ಸಿಸ್ಟರ್ ಸರಸ್ವತಿ ಹೊರಗೆ ಬಂದಳು. ಪಿಳ್ಳಣ್ಣ ಅವಳ ಬಾಯಿಯನ್ನೇ ನೋಡುತ್ತ ನಿಂತ. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ, ಫಿಟ್ಸ್ ಬರುವ ಮುಂಚೆಯೇ ಇಂಜೆಕ್ಷನ್ ಕೊಟ್ಟೆವು ಎಂದಳು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ಚಿನ್ನಪ್ಪ ಸೈಕಲ್ಲಿನಲ್ಲಿ ಬಂದು ಸೇರಿದ ಮೇಲೆ, ಅವನ ಹಿಂದೆ ಹಿಂದೆ ವಾರ್ಡಿಗೆ ಹೋಗಿ ಮಂಚದ ಕಾಲ ಬಳಿ ನಿಂತ.

ಕೆಂಪಕ್ಕ ಮಗುವಿಗೆ ಹಾಲು ಕೊಡುತ್ತಿದ್ದಳು. ಪಿಳ್ಳಣ್ಣನನ್ನು ಕಂಡು ತಲೆಯೆತ್ತಿದಳು.

"ಅವನಿದ್ದಿದ್ರೆ ಈಗ ಇವಳ ತೊಟ್ಟಿಲು ತೂಗೋನು ಅಣ್ಣ," ಎಂದಳು. "ಒಂದು ವರ್ಷ ಆಗಿರೋದು."

ಪಿಳ್ಳಣ್ಣ ಮಂಚದ ಕಬ್ಬಿಣ ಹಿಡಿದುಕೊಂಡ. ತಪ್ಪಾಯಿತು ಎಂದು ಒಂದು ವರ್ಷದಿಂದ ಹೇಳಬೇಕೆಂದಿದ್ದ. ಈಗ ಬಾಯಿ ಬಿಟ್ಟರೆ ಬರೀ ಅಳು ಬಂತು. ಇಡೀ ವಾರ್ಡಿನ ಬಾಣಂತಿಯರು ತಿರುಗಿ ನೋಡುವ ಹಾಗೆ ಅತ್ತ. ಕೆಂಪಕ್ಕ ಅವನನ್ನು ಸಮಾಧಾನ ಮಾಡಲಿಲ್ಲ. ಆಯ್ತು ಬಿಡಣ್ಣ ಎಂದೂ ಅನ್ನಲಿಲ್ಲ.

"ಇಲ್ಲಿ ನಿಂತ್ಕೊಂಡು ಅತ್ರೆ ಏನ್ ಬಂತು?" ಎಂದಳು. "ಅರೆಕೆರೆ ಬೈರಮ್ಮಂಗೆ ದಿನ ತುಂಬೈತೆ. ಮೊನ್ನೆಯಿಂದ ಸೊಂಟ ನೋವು ಅಂತಿದ್ಲು. ಹೋಗು, ಅವಳ ಮನೆ ಮುಂದೆ ಗಾಡಿ ನಿಲ್ಸು."

ಪಿಳ್ಳಣ್ಣ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು, ಹೊರಗೆ ಬಂದು, ಅರೆಕೆರೆಗೆ ಹೋದ.